ಅಲಗು ಮಸೆಯುತ್ತಿದ್ದ ಬೆಳಗುಗಳು

ಮರದಲ್ಲಿ ಚಿತ್ರ ಕೂರಿಸುವ ಮೈಸೂರು ಇನ್‌ಲೇ ಅಂದರೆ ಜನ ಕಣ್ಣಿಡುವುದು ಆನೆಯ ಮೇಲೆ, ದಸರಾ ಮೆರವಣಿಗೆಯ ಮೇಲೆ. ಅವುಗಳನ್ನು ಹೊತ್ತ ಬೀಟೆ ಹಲಗೆಯನ್ನು ಯಾರೂ ಕೇಳುವುದಿಲ್ಲ. ಮಂಡಿ ಮೊಹಲ್ಲಾದ ಕಾರ್ಖಾನೆಗಳಲ್ಲಿ ಕೆಲಸ ಕಲಿತ ನಮಗೆ ಮಾತ್ರ ಮೊದಲು ನೆನಪಾಗುವುದು ಆ ಹಲಗೆ, ಅದನ್ನು ನಯ ಮಾಡುತ್ತಿದ್ದ ಉಜ್ಜುಗೊರಡು.

ಅಶೋಕ ರಸ್ತೆಯ ಗದ್ದಲ ಏಳುವ ಮುಂಚೆಯೇ ನಾವು ಹುಡುಗರೆಲ್ಲ ಜಗಲಿಯ ಮೇಲೆ ಸಾಲಾಗಿ ಕೂತು ಅಲಗು ಮಸೆಯುತ್ತಿದ್ದೆವು. ಎರಡು ಬದಿಯ ಕಾರ್ಬೊರಂಡಮ್ ಕಲ್ಲು, ಒಂದು ತಟ್ಟೆ ನೀರು. ಮೊದಲು ಅಲಗಿನ ಬೆನ್ನನ್ನು ಕಲ್ಲಿಗೆ ಒರಗಿಸಿ ಸಪಾಟು ಮಾಡಬೇಕು. ಬೆನ್ನು ಸರಿಯಿಲ್ಲದೆ ಮುಂದಿನ ಓರೆಯನ್ನು ಎಷ್ಟು ಮಸೆದರೂ ವ್ಯರ್ಥ. ಓರೆ ಸುಮಾರು 25 ಡಿಗ್ರಿ. ಅಳೆಯಲು ಯಾವ ಉಪಕರಣವೂ ಇರಲಿಲ್ಲ; ಓರೆ ಕಲ್ಲಿನ ಮೇಲೆ ಪೂರ್ತಿ ಕೂತದ್ದು ಬೆರಳಿಗೇ ಗೊತ್ತಾಗಬೇಕಿತ್ತು. ಮಸೆಯುತ್ತ ಹೋದಂತೆ ಬೆನ್ನ ಕಡೆ ಸಣ್ಣ ಜುಂಗು ಏಳುತ್ತದೆ. ಹೆಬ್ಬೆರಳಿಗೆ ಅದು ತುದಿಯುದ್ದಕ್ಕೂ ತಾಕಿದರೆ ಆ ಬದಿ ಮುಗಿಯಿತೆಂದು ಅರ್ಥ. ಆಮೇಲೆ ನುಣುಪು ಬದಿ, ಕೊನೆಗೆ ತೊಗಲಿನ ಪಟ್ಟಿ. ಉಸ್ತಾದರು ಬಂದು ಅಲಗನ್ನು ಬೆಳಕಿಗೆ ಹಿಡಿಯುತ್ತಿದ್ದರು. ತುದಿಯಲ್ಲಿ ಬಿಳಿ ಗೆರೆ ಮಿಂಚಿದರೆ ಒಂದೇ ಮಾತು: “ಇನ್ನೂ ಮೊಂಡು, ಹೋಗಿ ಮಸೆ.”

ಅಷ್ಟು ಕಟ್ಟುನಿಟ್ಟು ಬೇಕೇ ಬೇಕಿತ್ತು. ಬೀಟೆಯ ನಾರು ಒಂದು ಪದರ ಅತ್ತ, ಇನ್ನೊಂದು ಇತ್ತ ಹೆಣೆದುಕೊಂಡಿರುತ್ತದೆ. ಮೊಂಡು ಅಲಗು ಹಾಯಿಸಿದರೆ ಮರ ಕಿತ್ತು ಬರುತ್ತದೆ. ಜೊತೆಗೆ ಒಳಗೆ ಅಲ್ಲಲ್ಲಿ ಸುಣ್ಣದ ಗಟ್ಟಿ ಕಣಗಳು. ಬೆಳಿಗ್ಗೆ ಮಸೆದದ್ದು ಮಧ್ಯಾಹ್ನಕ್ಕೆ ಹಾಳು. ಮರ ಕಿತ್ತು ಬರದಿರಲೆಂದು ಅಲಗಿನ ಮೇಲೆ ಕೂರುವ ಕಬ್ಬಿಣದ ಪಟ್ಟಿಯನ್ನು ತುದಿಗೆ ಒಂದು ಮಿಲಿಮೀಟರ್‌ಗಿಂತ ಹತ್ತಿರ ತಂದು ಬಿಗಿಯುತ್ತಿದ್ದೆವು. ಸೀಳು ಮುಂದೆ ಓಡದಂತೆ ಅದು ಹೊಟ್ಟನ್ನು ಅಲ್ಲೇ ಮುರಿಯುತ್ತದೆ. ಹದ ಕೂಡಿಬಂದ ದಿನ ಸುರುಳಿ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ ಹೊರಬರುತ್ತಿತ್ತು. ಬೀಟೆಯ ಸಿಹಿ ಘಮ ಇಡೀ ಗಲ್ಲಿಗೆ ಹಬ್ಬುತ್ತಿತ್ತು. ಆ ಸುರುಳಿಯನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದ ಸಂಭ್ರಮ ನೆನೆದರೆ ಈಗಲೂ ಮನಸ್ಸು ಅರಳುತ್ತದೆ.

ಮಳೆಗಾಲದಲ್ಲಿ ಮರದ ಉಜ್ಜುಗೊರಡು ಉಬ್ಬಿ, ಅದರ ತಳವೇ ಡೊಂಕಾಗುತ್ತಿತ್ತು. ಆಗ ಗಾಜಿನ ಮೇಲೆ ಉಪ್ಪುಕಾಗದ ಹಾಸಿ ತಳ ತಿಕ್ಕುವ ಕೆಲಸ. ಬೇಸರದ್ದೇ, ಆದರೆ ಎಷ್ಟೋ ಸ್ನೇಹಗಳು ಬೆಳೆದದ್ದು ಆ ಹೊತ್ತಿನ ಹರಟೆಯಲ್ಲಿ.

ಈ ಕಲೆಯಲ್ಲಿ ಹಿಂದೆ ದಂತವನ್ನೂ ಕೂರಿಸುತ್ತಿದ್ದರು; ಮೈಸೂರು ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲುಗಳಲ್ಲಿ ದಂತದ ಕುಸುರಿಯಿದೆ. ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರ ನಿಲ್ಲಿಸಲು ದೇಶಗಳು 1989ರಲ್ಲಿ ತೀರ್ಮಾನಿಸಿದವು. ಈಗ ಆನೆಯೂ ಹೂವೂ ಮೂಡುವುದು ಬಣ್ಣಬಣ್ಣದ ಮರದ ತುಂಡುಗಳಲ್ಲಿ. ನನ್ನ ಮಟ್ಟಿಗೆ ಇದು ಒಳ್ಳೆಯ ಬದಲಾವಣೆಯೇ. 2005ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂತು. ಇತ್ತ ಹಲಗೆ ನಯ ಮಾಡುವ ಕೆಲಸವನ್ನು ಯಂತ್ರ ವಹಿಸಿಕೊಂಡಿತು, ಜಗಲಿಯ ಸಾಲು ಕರಗಿತು. ಯಂತ್ರ ಬೇಗ ಮಾಡುತ್ತದೆ, ನಿಜ. ಆದರೆ ಹರಿತ ಅಲಗು ಬಿಟ್ಟುಹೋಗುವ ಹೊಳಪು ಯಂತ್ರದ ಉಪ್ಪುಕಾಗದಕ್ಕೆ ಎಂದೂ ಬಾರದು.

ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಉಜ್ಜುಗೊರಡು ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ತುಕ್ಕು ತಿಕ್ಕಿ, ಎಣ್ಣೆ ಸವರಿ, ಮರಗೆಲಸ ಕಲಿಯುತ್ತಿರುವ ಯಾರಾದರೂ ಹುಡುಗನ ಕೈಗೋ ಹುಡುಗಿಯ ಕೈಗೋ ಕೊಡಿ.