ಅತಿಥಿಯ ಕಾರಿಗೂ ಹಸಿವು

ಮನೆಗೆ ನೆಂಟರು ಬಂದರೆ ನೀವು ಮೊದಲು ಏನು ಮಾಡುತ್ತೀರಿ? ನೀರು ಕೊಡುತ್ತೀರಿ, ಚಹಾಕ್ಕೆ ಇಡುತ್ತೀರಿ, ಅಕ್ಕಿ ಎಷ್ಟು ಹಾಕಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತೀರಿ. ಈಗ ನೆಂಟರ ಜೊತೆಗೆ ಇನ್ನೊಬ್ಬ ಅತಿಥಿಯೂ ಬರತೊಡಗಿದ್ದಾನೆ. ಅವನು ಅನ್ನ ಉಣ್ಣುವುದಿಲ್ಲ, ಚಹಾ ಕುಡಿಯುವುದಿಲ್ಲ. ಅಂಗಳದಲ್ಲಿ ನಿಂತು ರಾತ್ರಿಯಿಡೀ ಕರೆಂಟ್ ಕುಡಿಯುತ್ತಾನೆ. ವಿದ್ಯುತ್ ಕಾರು ಎಂಬ ಈ ಅತಿಥಿಯನ್ನು ಕರೆದುಕೊಂಡು ಕೂಡ್ಲಿಗಿ ಸೀಮೆಗೆ ಹೋಗಿ ಬಂದ ವಿಷಯ ನಿಮಗೆ ಹೇಳಬೇಕಿದೆ. ಪ್ರವಾಸದ ಸೊಗಸಿಗಿಂತ, ಈ ಅತಿಥಿಯ ಹಸಿವು ಯಾರ ಪಾಲಿನಿಂದ ತೀರುತ್ತದೆ ಎಂಬ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡಿತು.

ನಾವು ಒಟ್ಟು ಹನ್ನೆರಡು ಮಂದಿ. ಬೆಂಗಳೂರಿನ ನಮ್ಮ ಭಾವನವರದು ಸಣ್ಣ ವಿದ್ಯುತ್ ಕಾರು, 24 ಯುನಿಟ್ ಹಿಡಿಸುವ ಬ್ಯಾಟರಿ. ಉಳಿದವರಿಗೆ ಬಾಡಿಗೆಗೆ ತಂದ ಮೋಟರ್‌ಹೋಮ್. ಹೆಸರು ದೊಡ್ಡದಾದರೂ ಅದು ಟೆಂಪೊ ಟ್ರಾವೆಲರ್‌ನ ಒಳಗೆ ಮಾಡಿದ ಪುಟ್ಟ ಮನೆ. ಮಂಚವಾಗುವ ಸೀಟುಗಳು, ಗ್ಯಾಸ್ ಒಲೆ, ನೀರಿನ ಟ್ಯಾಂಕ್, ಮೂಲೆಯಲ್ಲೊಂದು ಶೌಚಾಲಯ. ನಮ್ಮವರಿಗೆ ಇದೇನೂ ಹೊಸತಲ್ಲ ಅನ್ನಿ. ಸ್ಟವ್, ಪಾತ್ರೆ, ಚಾಪೆ ಕಟ್ಟಿಕೊಂಡು ವ್ಯಾನಿನಲ್ಲಿ ಊರೂರು ಸುತ್ತಿ ಮರದ ಕೆಳಗೆ ಬಿರಿಯಾನಿ ದಮ್ ಮಾಡಿದ ನೆನಪು ನಿಮ್ಮಲ್ಲಿ ಹಲವರಿಗೆ ಇದ್ದೀತು. ಸರಕಾರದ ಮಟ್ಟದಲ್ಲಿ ಕೇರಳ 2021ರಲ್ಲಿ ಇಂತಹ ಪ್ರವಾಸಕ್ಕೆಂದೇ ಒಂದು ನೀತಿ ತಂದಿತು.

ಇಷ್ಟು ದೊಡ್ಡ ಮನೆ ಜೊತೆಗಿರುವಾಗ ಕಾರಿನ ಚಿಂತೆ ಯಾಕೆ, ವ್ಯಾನಿನ ಕರೆಂಟನ್ನೇ ಕೊಟ್ಟರಾಯಿತಲ್ಲ ಎಂದು ಮಕ್ಕಳು ಕೇಳಿದರು. ನೀವೂ ಕೇಳಬಹುದು. ಲೆಕ್ಕ ನೋಡಿ. ವ್ಯಾನಿನ ದೀಪ, ಫ್ಯಾನುಗಳಿಗಾಗಿ ಇರುವ ಬ್ಯಾಟರಿಯಲ್ಲಿ ಹೆಚ್ಚೆಂದರೆ ಎರಡೂವರೆ ಯುನಿಟ್ ಇರುತ್ತದೆ. ಚಾವಣಿಯ ಎರಡು ಸೋಲಾರ್ ಹಲಗೆಗಳು ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಕೊಡುವುದು ಸುಮಾರು ಎರಡು ಯುನಿಟ್. ಭಾವನ ಕಾರು ಒಂದು ಯುನಿಟ್‌ಗೆ ಏಳೆಂಟು ಕಿಲೋಮೀಟರ್ ಓಡುತ್ತದೆ. ಅಂದರೆ ದಿನವಿಡೀ ಸೂರ್ಯ ದುಡಿದರೂ ಕೂಡ್ಲಿಗಿಯಿಂದ ಹೊರಟ ಕಾರು ಕೊಟ್ಟೂರು ಮುಟ್ಟುವುದಿಲ್ಲ. ಇನ್ನು ಜನರೇಟರ್ ಹಚ್ಚಿ ಎಣ್ಣೆ ಸುಟ್ಟು ವಿದ್ಯುತ್ ಕಾರಿಗೆ ಉಣಿಸುವುದು, ಬೆಲ್ಲ ಕೊಟ್ಟು ಕಬ್ಬು ತಂದಂತೆ. ಸಣ್ಣ ಜನರೇಟರುಗಳಿಗೆ ಸಾಮಾನ್ಯವಾಗಿ ಅರ್ಥಿಂಗ್ ಇರುವುದಿಲ್ಲವಾದ್ದರಿಂದ ಎಷ್ಟೋ ಕಾರುಗಳು ಅದನ್ನು ಮುಟ್ಟುವುದೂ ಇಲ್ಲ.

ಅಮೆರಿಕದಲ್ಲಿ ದೊಡ್ಡ ಮೋಟರ್‌ಹೋಮ್‌ಗಳ ಹಿಂದೆ ಸಣ್ಣ ಕಾರನ್ನು ಕಟ್ಟಿ ಎಳೆದೊಯ್ಯುವ ರೂಢಿಯಿದೆ. ಆದರೆ ಹೆಚ್ಚಿನ ವಿದ್ಯುತ್ ಕಾರುಗಳನ್ನು ಚಕ್ರ ನೆಲಕ್ಕೆ ತಾಗಿಸಿ ಎಳೆಯುವಂತಿಲ್ಲ. ಚಕ್ರದ ಜೊತೆ ಮೋಟರೂ ತಿರುಗಿ ತಾನೇ ಕರೆಂಟ್ ಹುಟ್ಟಿಸಿ ಕೆಡುತ್ತದೆ. ಅಲ್ಲಿನ ಬಿಡಾರದ ಜಾಗಗಳಲ್ಲಿ ವ್ಯಾನಿಗೊಂದು 50 ಆಂಪಿಯರ್ ಪ್ಲಗ್ಗು ಇರುತ್ತದೆ, ಅದರಲ್ಲೇ ಕಾರಿಗೂ ಹಾಕಿಕೊಳ್ಳುತ್ತಾರೆ. ಹಾಗೆ ಹಾಕಿಕೊಳ್ಳುವವರಿಂದ ಕೆಲವು ಬಿಡಾರದ ಮಾಲಕರು ಬೇರೆ ಹಣ ಕೇಳುತ್ತಾರೆ. ಸರಿಯೇ ತಾನೇ?

ಬೆಂಗಳೂರಿನಿಂದ ಚಿತ್ರದುರ್ಗದವರೆಗೆ ತೊಂದರೆಯಿಲ್ಲ. ಹೆದ್ದಾರಿಯಲ್ಲಿ ವೇಗವಾಗಿ ಚಾರ್ಜ್ ಆಗುವ ಕೇಂದ್ರಗಳಿವೆ. ತುಮಕೂರು ದಾಟಿ ಒಮ್ಮೆ, ಚಿತ್ರದುರ್ಗದಲ್ಲಿ ಇನ್ನೊಮ್ಮೆ ನಿಂತೆವು. ಪ್ರತಿ ಸಲ ಒಂದು ಗಂಟೆಯ ಆಸುಪಾಸು. ಇಲ್ಲಿ ವ್ಯಾನಿನ ನಿಜವಾದ ಉಪಯೋಗ ತಿಳಿಯಿತು. ಕಾರಿಗೆ ಕರೆಂಟ್ ಕೊಡಲಾಗದಿದ್ದರೂ, ಕಾರಿಗಾಗಿ ಕಾಯುವವರಿಗೆ ಅದು ನೆರಳು ಕೊಟ್ಟಿತು. ಚಾರ್ಜ್ ಮಾಡುವ ಯಂತ್ರ ನಿಲ್ಲಿಸಿದವರಿಗೆ ಅಲ್ಲಿ ಹೆಂಗಸರೂ ಒಂದು ಗಂಟೆ ಕಾಯಬೇಕಾಗುತ್ತದೆ ಎಂಬುದು ನೆನಪಾದಂತಿಲ್ಲ. ಒಂದು ಕಡೆ ಶೌಚಾಲಯಕ್ಕೆ ಬೀಗ, ಇನ್ನೊಂದು ಕಡೆ ಕುಳಿತುಕೊಳ್ಳಲು ಕಲ್ಲು ಕೂಡ ಇರಲಿಲ್ಲ. ನಾವು ವ್ಯಾನಿನಲ್ಲೇ ವುಝೂ ಮಾಡಿ, ಮುಸಾಫಿರರಿಗೆ ಅಲ್ಲಾಹನು ನೀಡಿದ ರಿಯಾಯಿತಿಯಂತೆ ಎರಡು ರಕಅತ್ ಝುಹರ್ ಮುಗಿಸಿ, ಕಟ್ಟಿಕೊಂಡು ಬಂದ ರೊಟ್ಟಿ ತಿನ್ನುವಷ್ಟರಲ್ಲಿ ಕಾರು ಸಿದ್ಧವಾಗಿತ್ತು. ವ್ಯಾನಿಲ್ಲದೆ ಮಕ್ಕಳೊಂದಿಗೆ ಹೋಗುವ ತಾಯಂದಿರು ಚಾರ್ಜಿಂಗ್ ಜಾಗ ಆರಿಸುವಾಗ ಯಂತ್ರದ ಶಕ್ತಿಯನ್ನು ನೋಡುವ ಮೊದಲು ಪಕ್ಕದಲ್ಲಿ ಒಳ್ಳೆಯ ಹೋಟೆಲ್ ಇದೆಯೇ, ರಾತ್ರಿ ದೀಪ ಇರುತ್ತದೆಯೇ ನೋಡಿಕೊಳ್ಳಿ.

ಚಿತ್ರದುರ್ಗದಲ್ಲಿ ದಾರಿ ಕವಲಾಗುತ್ತದೆ. ದಾವಣಗೆರೆ ಕಡೆ ಹೋಗದೆ ಹೊಸಪೇಟೆಯ ರಾಷ್ಟ್ರೀಯ ಹೆದ್ದಾರಿ 50ನ್ನು ಹಿಡಿದರೆ ನೆಲದ ಬಣ್ಣ ಬದಲಾಗುತ್ತದೆ. ಬಂಡೆಗುಡ್ಡಗಳು, ಹುಣಸೆ ಮರಗಳು, ಶೇಂಗಾ ಹೊಲಗಳು. ಮಳೆಗೆ ಕಾಯುವ ಸೀಮೆ ಇದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲೂಕುಗಳು 2021ರಿಂದ ಹೊಸ ವಿಜಯನಗರ ಜಿಲ್ಲೆಗೆ ಸೇರಿವೆ. ಹರಪನಹಳ್ಳಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿರುತ್ತವೆ. ಗುಡ್ಡದ ಮೇಲೆ ಕರೆಂಟ್ ಹುಟ್ಟುತ್ತದೆ, ಗುಡ್ಡದ ಕೆಳಗಿನ ಹಳ್ಳಿಯಲ್ಲಿ ಸಂಜೆಯಾದರೆ ಬಲ್ಬು ಮಂಕಾಗುತ್ತದೆ!

ನಮ್ಮ ಖಾಲಾರ ಮನೆ ಕೂಡ್ಲಿಗಿ ತಾಲೂಕಿನ ಒಂದು ಹಳ್ಳಿಯಲ್ಲಿ. ಅಲ್ಲಿ ಮುಟ್ಟಿದಾಗ ಕಾರಿನಲ್ಲಿ ಉಳಿದದ್ದು ನೂರಕ್ಕೆ ಮೂವತ್ತು ಭಾಗ. ಊಟವಾದ ಮೇಲೆ ಭಾವ ಚಾರ್ಜರ್ ಹಿಡಿದು ಪ್ಲಗ್ಗು ಹುಡುಕಿದರು. ಮಿಕ್ಸಿ ಹಾಕುವ ಐದು ಆಂಪಿಯರ್ ಪ್ಲಗ್ಗಿನಲ್ಲಿ ಇದು ನಡೆಯುವುದಿಲ್ಲ. ಗೀಸರಿಗೆ ಹಾಕುವಂತಹ ಹದಿನೈದು ಆಂಪಿಯರಿನ ದೊಡ್ಡ ಪ್ಲಗ್ಗು ಬೇಕು. ಅದು ಬಚ್ಚಲಮನೆಯ ಹೊರಗೆ ನೀರಿನ ಮೋಟರಿಗಾಗಿ ಇತ್ತು. ಹಾಕಿದೊಡನೆ ಚಾರ್ಜರಿನಲ್ಲಿ ಕೆಂಪು ದೀಪ. ತೆಗೆದು ಹಾಕಿದರೂ ಕೆಂಪೇ.

ಪಕ್ಕದ ಬೀದಿಯ ವೈರಿಂಗ್ ಹುಡುಗ ಬಂದು ನೋಡಿ ನಕ್ಕ. “ಅರ್ಥಿಂಗ್ ಇಲ್ರೀ ಅಕ್ಕಾರೆ. ಮೂರನೇ ತೂತು ಬರೇ ಶೋಕಿಗೆ ಐತಿ” ಎಂದ. ಸಹೋದರಿಯರೇ, ಈ ಮಾತನ್ನು ಸ್ವಲ್ಪ ಮನಸ್ಸಿಟ್ಟು ಕೇಳಿ. ಪ್ಲಗ್ಗಿನ ಮೇಲಿನ ದಪ್ಪ ತೂತು ಭೂಮಿಗೆ ಹೋಗುವ ತಂತಿಯದು. ಅಂಗಳದಲ್ಲಿ ಗುಂಡಿ ತೋಡಿ, ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ, ಆ ಪೈಪಿಗೆ ಈ ತಂತಿ ಜೋಡಿಸುತ್ತಾರೆ. ಯಂತ್ರದ ಮೈಗೆ ಕರೆಂಟ್ ಬಂದರೆ ಅದು ನಮ್ಮ ಮೈ ಮೂಲಕ ಹೋಗದೆ ನೆಲಕ್ಕೆ ಇಳಿಯಲಿ ಎಂಬುದಕ್ಕೆ ಈ ಏರ್ಪಾಡು. ಫ್ರಿಜ್ ಮುಟ್ಟಿದರೆ, ಗ್ರೈಂಡರ್ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ ಎಂದು ಎಷ್ಟೋ ಮನೆಗಳಲ್ಲಿ ಹೆಂಗಸರು ಹೇಳುತ್ತಾರೆ. ಗಂಡಸರು ಚಪ್ಪಲಿ ಹಾಕಿಕೋ ಎಂದು ಸುಮ್ಮನಾಗುತ್ತಾರೆ. ಅರ್ಥಿಂಗ್ ಇಲ್ಲದಿದ್ದರೆ ಕಾರು ತನಗೆ ಊಟವೇ ಬೇಡ ಎನ್ನುತ್ತದೆ. ನಾವೋ ಒದ್ದೆ ಕೈಯಲ್ಲಿ ರುಬ್ಬುತ್ತಲೇ ಇರುತ್ತೇವೆ. ಕಾರಿಗಿರುವ ಈ ಎಚ್ಚರ ಮನೆಯ ಹೆಣ್ಣಿನ ಜೀವದ ಬಗ್ಗೆ ನಮಗಿಲ್ಲವೇ?

ಗುಂಡಿ ಇತ್ತು, ಆದರೆ ತಂತಿ ತುಂಡಾಗಿತ್ತು. ಹುಡುಗ ತಂತಿ ಜೋಡಿಸಿದ. ಆದರೂ ಕೆಂಪು ಹೋಗಲಿಲ್ಲ. ಮಣ್ಣು ಒಣಗಿದರೆ ಕರೆಂಟ್ ಇಳಿಯುವುದಿಲ್ಲ, ಆ ನೆಲವೋ ಕಲ್ಲು ನೆಲ. ಖಾಲಾರ ಸೊಸೆ ನಾಲ್ಕು ಕೊಡ ನೀರು, ಎರಡು ಹಿಡಿ ಉಪ್ಪು ಸುರಿದಳು. ಅರ್ಧ ಗಂಟೆಯ ಮೇಲೆ ದೀಪ ಹಸಿರಾಯಿತು. ಮರುದಿನ ಅವಳು ಫ್ರಿಜ್ ಮುಟ್ಟಿ ನೋಡಿ, “ಈಗ ಜುಮ್ ಅನ್ನೋದಿಲ್ಲ ಆಪಾ” ಎಂದಳು. ನಮ್ಮ ಪ್ರಯಾಣದಿಂದ ಆ ಮನೆಗೆ ಆದ ನಿಜವಾದ ಲಾಭ ಇದೊಂದೇ ಎಂದು ನನಗೆ ಅನಿಸುತ್ತದೆ.

ಏಕೆಂದರೆ ಬೆಳಿಗ್ಗೆ ನಾನು ಮೀಟರ್ ನೋಡಿದೆ. ರಾತ್ರಿ ಕಾರು ಕುಡಿದದ್ದು 19 ಯುನಿಟ್. ಹಣದ ಲೆಕ್ಕದಲ್ಲಿ ಅದೇನು ಮಹಾ ಎನ್ನಬಹುದು. ಆದರೆ ಖಾಲಾರ ಮನೆ 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿದೆ. ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ ಪ್ರತಿ ಮನೆಗೂ ಉಚಿತ ಯುನಿಟ್ ನಿಗದಿ ಮಾಡಿದ್ದಾರೆಂದು ನಿಮಗೆ ಗೊತ್ತು. ಖಾಲಾರಿಗೆ ಸಿಗುವುದು 58. ಅದರ ಮೂರನೆಯ ಒಂದು ಭಾಗವನ್ನು ನಮ್ಮ ಕಾರು ಒಂದೇ ರಾತ್ರಿಯಲ್ಲಿ ಮುಗಿಸಿತ್ತು. ನಿಗದಿಗಿಂತ ಹೆಚ್ಚಾದರೆ ಹೆಚ್ಚಾದಷ್ಟಕ್ಕೆ ಹಣ ಕಟ್ಟಬೇಕು. ಪಟ್ಟಣದ ದೊಡ್ಡ ಕುಟುಂಬಗಳಲ್ಲಿ ಇನ್ನೂ ಕಷ್ಟ. ತಿಂಗಳಿಗೆ 190 ಯುನಿಟ್ ಬಳಸುವ ಮನೆಯಲ್ಲಿ ಒಂದು ರಾತ್ರಿ ಕಾರು ನಿಂತರೆ 200 ದಾಟಿ, ಆ ತಿಂಗಳ ಪೂರ್ತಿ ಬಿಲ್ಲು ಮನೆಯವರ ತಲೆಗೆ ಬರುತ್ತದೆ. ಅತಿಥಿ ಹೊರಟುಹೋದ ಮೇಲೆ ಬರುವ ಬಿಲ್ಲು ಅದು. ಯಾವ ಗೃಹಿಣಿಯೂ ಫೋನ್ ಮಾಡಿ ಕೇಳುವುದಿಲ್ಲ.

ನಾನು ಹಣ ಚಾಚಿದಾಗ ಖಾಲಾ ಬಯ್ದೇ ಬಿಟ್ಟರು. “ನೆಂಟರ ಗಾಡಿ ಅಂದ್ರೆ ನೆಂಟರ ಎತ್ತು ಇದ್ದಂಗೆ. ಎತ್ತಿಗೆ ಮೇವು ಹಾಕಿ ಯಾರಾದರೂ ದುಡ್ಡು ಇಸ್ಕೊಂತಾರೇನು?” ಇದಕ್ಕೆ ಏನು ಹೇಳುವುದು! ಮಾತು ಅವರ ಮರ್ಯಾದೆಗೆ ತಕ್ಕದ್ದೇ. ಆದರೆ ಅವರದೇ ಕಾಲದ ಗಾಡಿಯವರು ದೂರದ ಊರಿಗೆ ಹೊರಟಾಗ ಗಾಡಿಯ ಕೆಳಗೆ ಹುಲ್ಲಿನ ಪೆಂಡಿ ಕಟ್ಟಿಕೊಂಡೇ ಹೋಗುತ್ತಿದ್ದರು. ಆತಿಥ್ಯ ಮೂರು ದಿನ ಎಂದು ಕಲಿಸಿದ ಪ್ರವಾದಿ(ಸ)ಯವರೇ, ಮನೆಯವರನ್ನು ಇಕ್ಕಟ್ಟಿಗೆ ಸಿಲುಕಿಸುವಷ್ಟು ಅತಿಥಿ ತಂಗಬಾರದೆಂದೂ ಕಲಿಸಿದ್ದಾರೆ. ಆತಿಥೇಯರು ಬೇಡವೆನ್ನುವುದು ಅವರ ದೊಡ್ಡತನ. ಅದನ್ನು ನಮ್ಮ ಹಕ್ಕು ಎಂದುಕೊಳ್ಳಬಾರದು. ಹೊರಡುವಾಗ ಮೊಮ್ಮಗಳ ಕೈಗೆ ಹದಿಯಾ ಎಂದು ಕೊಟ್ಟೆ. ಅದಕ್ಕೆ ಖಾಲಾ ಏನೂ ಅನ್ನಲಿಲ್ಲ.

ಆಮೇಲಿನ ದಿನಗಳಲ್ಲಿ ನಾವು ಒಂದು ಪದ್ಧತಿ ಇಟ್ಟುಕೊಂಡೆವು. ಹಣ ಕೊಟ್ಟು ಚಾರ್ಜ್ ಮಾಡಿಸುವ ಜಾಗ ಸಿಕ್ಕಿದಲ್ಲಿ ತುಂಬಿಸಿಕೊಳ್ಳುವುದು, ನೆಂಟರ ಮನೆಯಲ್ಲಿ ಕೇಳಿದರೆ ಬೇಕಾದಷ್ಟು ಮಾತ್ರ. ಒಳಗಿನ ತಾಲೂಕುಗಳಲ್ಲಿ ಮೊಬೈಲ್ ತೋರಿಸಿದ ಜಾಗವನ್ನೆಲ್ಲ ನಂಬಬೇಡಿ. ಒಂದು ಕಡೆ ಹೋಗಿ ನೋಡಿದರೆ ಯಂತ್ರ ಕೆಟ್ಟು ನಿಂತಿತ್ತು. ಲಾಡ್ಜಿಗೆ ಮೊದಲೇ ಫೋನ್ ಮಾಡಿ ದೊಡ್ಡ ಪ್ಲಗ್ಗು, ಅರ್ಥಿಂಗ್ ಎರಡನ್ನೂ ಕೇಳಿ. ತೆಳ್ಳನೆಯ ಎಕ್ಸ್‌ಟೆನ್ಷನ್ ವೈರ್ ಮಾತ್ರ ಬೇಡವೇ ಬೇಡ. ಆರೇಳು ಗಂಟೆ ಒಂದೇ ಸಮನೆ ಮೂರು ಗೀಸರಿನಷ್ಟಲ್ಲದಿದ್ದರೂ ಒಂದು ದೊಡ್ಡ ಗೀಸರಿನಷ್ಟು ಕರೆಂಟ್ ಹರಿದರೆ ಅದು ಕರಗಿ ಬೆಂಕಿ ಹತ್ತೀತು.

ದಾರಿಯ ಒಂದು ಊರಿನಲ್ಲಿ ಅಸರ್‌ಗೆ ನಿಂತಾಗ, ಮಸೀದಿಯ ಮುಅದ್ಸಿನ್ ಸಾಹೇಬರು ಪ್ರೀತಿಯಿಂದ ಮಸೀದಿಯ ಪ್ಲಗ್ಗಿಗೆ ಹಾಕಿಕೊಳ್ಳಿ ಎಂದರು. ಭಾವ ನನ್ನ ಮುಖ ನೋಡಿದರು. ವಕ್ಫ್‌ನ ವಸ್ತು ಯಾವ ಉದ್ದೇಶಕ್ಕೆ ಬಿಡಲ್ಪಟ್ಟಿದೆಯೋ ಅದಕ್ಕೇ ಎಂದು ನಾವು ಮದ್ರಸದಲ್ಲಿ ಓದಿದ್ದೇವೆ. ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝ್(ರ) ಸ್ವಂತ ಮಾತು ಬಂದಾಗ ಬೈತುಲ್‌ಮಾಲ್‌ನ ದೀಪ ಆರಿಸಿದ ಘಟನೆಯನ್ನು ನಾವೇ ಮಕ್ಕಳಿಗೆ ಹೇಳುತ್ತೇವೆ. ಒಂದು ದೀಪದ ಎಣ್ಣೆಗೇ ಅಷ್ಟು ಲೆಕ್ಕವಿದ್ದರೆ ಹತ್ತು ಯುನಿಟ್‌ಗೆ? ವಂದಿಸಿ ಮುಂದೆ ಹೋದೆವು. ಆದರೆ ನಮ್ಮ ಜಮಾಅತ್‌ಗಳು ಇದನ್ನು ಬೇರೆ ರೀತಿಯಲ್ಲಿ ಯೋಚಿಸಬಹುದು. ಹೆದ್ದಾರಿ ಪಕ್ಕದ ಮಸೀದಿ ತನ್ನ ಅಂಗಡಿ ಸಾಲಿನಲ್ಲಿ ಬೇರೆ ಮೀಟರ್, ಒಳ್ಳೆಯ ಅರ್ಥಿಂಗ್ ಇರುವ ಒಂದು ಪ್ಲಗ್ಗು ಇಟ್ಟು ದರ ಬರೆದರೆ, ಯಾವ ಧರ್ಮದ ಪ್ರಯಾಣಿಕರಾದರೂ ಹಣ ಕೊಟ್ಟು ಬಳಸಿಯಾರು, ಮಸೀದಿಗೂ ಆದಾಯ. ಕಾರು ಚಾರ್ಜ್ ಮಾಡಿಕೊಡುವುದು ಸೇವೆ, ಅದಕ್ಕೆ ವಿದ್ಯುತ್ ಮಾರುವ ಪರವಾನಗಿ ಬೇಡ ಎಂದು ಕೇಂದ್ರ ಸರಕಾರ 2018ರಲ್ಲೇ ಸ್ಪಷ್ಟಪಡಿಸಿದೆ. ಜೊತೆಗೆ ಹೆಂಗಸರಿಗೊಂದು ಕೋಣೆ, ಶೌಚಾಲಯ ಇದ್ದರೆ ಕೇಳಬೇಕೇ!

ಇದನ್ನು ಬರೆಯುವಾಗ ನನಗೆ ಹಾರೂನ್ ರಶೀದರ ಪತ್ನಿ ಝುಬೈದಾ ನೆನಪಾಗುತ್ತಾರೆ. ಕೂಫಾದಿಂದ ಮಕ್ಕಾದವರೆಗಿನ 1400 ಕಿಲೋಮೀಟರಿಗೂ ಹೆಚ್ಚು ಉದ್ದದ ಹಜ್ಜ್ ದಾರಿಯಲ್ಲಿ ಅವರು ಬಾವಿ, ಕೊಳ, ತಂಗುದಾಣಗಳನ್ನು ಕಟ್ಟಿಸಿದರು. ಆ ದಾರಿಗೆ ಇಂದಿಗೂ ಅವರದೇ ಹೆಸರು. ಒಂಟೆ ಎಷ್ಟು ದೂರ ನಡೆದೀತು, ಹೆಂಗಸರು ಮಕ್ಕಳು ಎಲ್ಲಿ ಬಳಲುತ್ತಾರೆ ಎಂದು ಲೆಕ್ಕ ಹಾಕಿ ನೀರಿನ ಜಾಗ ಗುರುತಿಸಿರಬೇಕಲ್ಲವೇ? ಚಾರ್ಜಿಂಗ್ ಯಂತ್ರ ನೆಡುವವರಿಗೂ ಬೇಕಾದ ಲೆಕ್ಕ ಅದೇ.

ನೋಡುವ ಜಾಗಗಳ ಬಗ್ಗೆ ಎರಡು ಮಾತು. ಗುಡೇಕೋಟೆಯ ಬಂಡೆಗಳ ನಡುವೆ 2013ರಲ್ಲಿ ಕರಡಿಧಾಮವಾಗಿದೆ. ನಮಗೆ ಕರಡಿ ಕಾಣಲಿಲ್ಲ, ಕಾಣದಿದ್ದುದೇ ಒಳ್ಳೆಯದು ಎಂದಳು ನಮ್ಮ ಚಿಕ್ಕವಳು. ಹಗರಿಬೊಮ್ಮನಹಳ್ಳಿ ಬಳಿಯ ಅಂಕಸಮುದ್ರದ ಕೆರೆಯನ್ನು ತಪ್ಪಿಸಿಕೊಳ್ಳಬೇಡಿ. ಕೆರೆಯೊಳಗಿನ ಜಾಲಿ ಮರಗಳ ತುಂಬ ಬಣ್ಣದ ಕೊಕ್ಕರೆಗಳು. ಅದು 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಕೊಟ್ಟೂರಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನಿ, ಹಡಗಲಿಯಲ್ಲಿ ಮಲ್ಲಿಗೆ ಕೊಳ್ಳಿ. ವ್ಯಾನಿನೊಳಗೆ ಎರಡು ದಿನ ಆ ಪರಿಮಳ ಇತ್ತು.

ಕೊನೆಯ ದಿನ ಹಂಪಿಗೆ ಹೋದೆವು. ಎಲ್ಲರೂ ಕಲ್ಲಿನ ರಥ ನೋಡಿ ಹಿಂದಿರುಗುತ್ತಾರೆ. ನೀವು ಕೇಳಿಕೊಂಡು ಅಹ್ಮದ್ ಖಾನ್ ಕಟ್ಟಿಸಿದ ಮಸೀದಿಗೂ ಹೋಗಿ. ಎರಡನೇ ದೇವರಾಯನ ಅಧಿಕಾರಿಯಾಗಿದ್ದ ಅವನು 1439ರಲ್ಲಿ ಅದನ್ನು ಕಟ್ಟಿಸಿದ. ಗುಮ್ಮಟ, ಮಿನಾರ ಇಲ್ಲದ ಕಂಬಗಳ ಸರಳ ಕಟ್ಟಡ. ಶಾಸನ ಅದನ್ನು ಧರ್ಮಸಾಲೆ ಎಂದು ಕರೆಯುತ್ತದೆ, ಜೊತೆಗೊಂದು ಬಾವಿ ಕಟ್ಟಿಸಿದ್ದನ್ನೂ ಹೇಳುತ್ತದೆ. ಮಕ್ಕಳು ಬಾವಿಯ ಬಳಿ ಆಡಿದರು, ನಾವು ಕಂಬದ ನೆರಳಿನಲ್ಲಿ ಕುಳಿತೆವು. ಕಾರಿನಲ್ಲಿ ಆಗ ನೂರಕ್ಕೆ ಇಪ್ಪತ್ತೆರಡು ಭಾಗ ಉಳಿದಿತ್ತು. ಮಗ್ರಿಬ್‌ಗೆ ಮುನ್ನ ಹೊಸಪೇಟೆ ತಲುಪಿ, ಹಣ ಕೊಟ್ಟು ಅದಕ್ಕೆ ಚಾರ್ಜ್ ಹಾಕಿಸಿ, ಪಕ್ಕದಲ್ಲೇ ವ್ಯಾನು ನಿಲ್ಲಿಸಿ ರಾತ್ರಿಯ ಅನ್ನಕ್ಕೆ ಇಟ್ಟೆವು.