ಹೈದರಾಬಾದ್ ಹೆಸರು ಹೊತ್ತು ಬಿದ್ದ ವಿಮಾನಗಳು

ಕಾಚಿಗೂಡ, ಹೈದರಾಬಾದ್
ಭಾನುವಾರ ರಾತ್ರಿ

ತೀರ್ಥರೂಪ ಕಾಕಾ ಅವರಿಗೆ ಶರಣು ಶರಣಾರ್ಥಿ.

ಇಲ್ಲಿ ನಾನು ಕ್ಷೇಮ. ಜಹೀರಾಬಾದ್ ದಾರಿಯ ಬಸ್ಸು ಹೊತ್ತಿಗೆ ಸರಿಯಾಗಿ ಇಮ್ಲಿಬನ್ ಬಸ್ ನಿಲ್ದಾಣ ಮುಟ್ಟಿಸಿತು. ಕಾಕಿ ಕಟ್ಟಿಕೊಟ್ಟ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಇನ್ನೂ ಉಳಿದಿವೆ. ಇಳಿದುಕೊಂಡಿರುವುದು ಕಾಚಿಗೂಡದ ಸ್ಟೇಷನ್ ರಸ್ತೆಗೆ ಹತ್ತಿರ. ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಎರಡೂ ನಡೆದು ಹೋಗುವಷ್ಟೇ ದೂರ. ತರಕಾರಿಯವಳ ಜೊತೆ ತೆಲುಗು, ಆಟೋದವನ ಜೊತೆ ಉರ್ದು, ಚಹಾದಂಗಡಿಯ ಬೆಂಚಿನ ಮೇಲೆ ಸಿಕ್ಕ ಹಿರಿಯರ ಜೊತೆ ನಮ್ಮ ಕಡೆಯದೇ ಕನ್ನಡ. ಒಬ್ಬರು ರಾಯಚೂರಿನವರು, ಇನ್ನೊಬ್ಬರು ಹುಮನಾಬಾದಿನವರು. ಮೂರು ತಲೆಮಾರಿನಿಂದ ಇಲ್ಲೇ ಇದ್ದಾರಂತೆ.

ನಿಜಾಮರ ಕಾಲದ್ದು ಏನು ಕಂಡರೂ ಬರೆದು ಕಳಿಸು ಎಂದಿದ್ದಿರಿ. ಕಾಚಿಗೂಡ ಸ್ಟೇಷನ್ನಿನಿಂದಲೇ ಶುರುಮಾಡಬಹುದು. 1916ರಲ್ಲಿ ಮೀರ್ ಉಸ್ಮಾನ್ ಅಲಿ ಖಾನರು ಕಟ್ಟಿಸಿದ್ದು. ಮೇಲೆ ಗುಮ್ಮಟಗಳು, ಪಕ್ಕದಲ್ಲಿ ಸಣ್ಣ ಮಿನಾರುಗಳು, ಬಿಳಿ ಬಣ್ಣ. ಹೊರಗೆ ನಿಂತು ನೋಡಿದರೆ ಅರಮನೆ ಅನ್ನಬೇಕು. ಆದರೆ ಈ ಪತ್ರದಲ್ಲಿ ಸ್ಟೇಷನ್ನಿನ ಮಾತು ಇಷ್ಟೇ ಸಾಕು. ಅದು ಎದ್ದು ಎರಡು ವರ್ಷಕ್ಕೆ ಅದೇ ನಿಜಾಮರು ಮಾಡಿದ ಇನ್ನೊಂದು ಕೆಲಸ ಈಗ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಆ ಕಾಲದ ಬಗ್ಗೆ ಓದುತ್ತ ಹೋದಾಗ ಸಿಕ್ಕಿದ್ದು. ನಿಮಗೆ ಹೇಳದೆ ನಿದ್ದೆ ಬರುವುದಿಲ್ಲ.

1918ರಲ್ಲಿ ನಿಜಾಮರು ಬ್ರಿಟಿಷ್ ವಾಯುಪಡೆಗೆ ಒಂದು ಇಡೀ ಸ್ಕ್ವಾಡ್ರನ್ನಿಗೆ ಸಾಲುವಷ್ಟು ಬಾಂಬರ್ ವಿಮಾನಗಳನ್ನು ಕೊಟ್ಟರು. ಡಿಎಚ್ 9ಎ ಎಂಬ ಹೊಸ ಮಾದರಿ. ಮರದ ಚೌಕಟ್ಟು, ಮೇಲೆ ಬಟ್ಟೆ, ಮೂತಿಯಲ್ಲಿ 400 ಅಶ್ವಶಕ್ತಿಯ ಅಮೆರಿಕದ ಲಿಬರ್ಟಿ ಎಂಜಿನ್. ಈ ಮಾದರಿಯನ್ನು ಮೊಟ್ಟಮೊದಲು ಯುದ್ಧಕ್ಕೆ ಒಯ್ದದ್ದು ಆ ಕೊಡುಗೆ ಪಡೆದ 110ನೇ ಸ್ಕ್ವಾಡ್ರನ್ನೇ. ಅದಕ್ಕೆ ಹೈದರಾಬಾದ್ ಸ್ಕ್ವಾಡ್ರನ್ ಎಂದೇ ಹೆಸರಾಯಿತು. ಒಂದೊಂದು ವಿಮಾನದ ಮೈಮೇಲೂ ಇದು ಹೈದರಾಬಾದಿನ ನಿಜಾಮರ ಕೊಡುಗೆ ಎಂದು ಬರೆಸಿದ್ದರು. ಮುಂದೆ ಸ್ಕ್ವಾಡ್ರನ್ನಿನ ಲಾಂಛನದಲ್ಲಿ ಹುಲಿಯೂ ಬಂತು.

ಸೆಪ್ಟೆಂಬರ್ ಮೊದಲ ದಿನ ಅವು ಫ್ರಾನ್ಸಿಗೆ ಹೋದವು. ಪೂರ್ವದ ಲೊರೇನ್ ಸೀಮೆಯಲ್ಲಿ ಬೆತೊಂಕೂರ್ ಎಂಬ ಹಳ್ಳಿಯ ಬಯಲಿನಲ್ಲಿ ಠಾಣೆ. ಜನರಲ್ ಟ್ರೆಂಚಾರ್ಡ್ ಕೈಕೆಳಗಿನ ಪಡೆ, ಜರ್ಮನಿಯ ಒಳನಾಡಿನ ಊರುಗಳಿಗೆ ಹಗಲಲ್ಲೇ ಹೋಗಿ ಬಾಂಬು ಹಾಕುವ ಕೆಲಸ. ಆ ವಿಮಾನದಲ್ಲಿ ಇಬ್ಬರೇ. ಮುಂದೆ ಪೈಲಟ್, ಅವನ ಬೆನ್ನಿಗೆ ತಾಗಿದಂತೆ ವೀಕ್ಷಕ. ವೀಕ್ಷಕ ಎಂದರೆ ಬರೀ ನೋಡುವವನಲ್ಲ ಕಾಕಾ. ತೆರೆದ ಗೂಡಿನಲ್ಲಿ ಎದ್ದು ನಿಂತು, ಸುತ್ತ ತಿರುಗುವ ಬಳೆಯ ಮೇಲೆ ಕೂರಿಸಿದ ಲೂಯಿಸ್ ಬಂದೂಕಿನಿಂದ ಹಿಂದಿನಿಂದ ಬರುವ ವೈರಿಯನ್ನು ತಡೆಯಬೇಕಾದವನು ಅವನೇ. ತಲೆಯ ಮೇಲೆ ಮುಚ್ಚಿಗೆ ಇಲ್ಲ. ಹದಿನೈದು ಸಾವಿರ ಅಡಿಯ ಚಳಿ. ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳದು, ಹೆಗಲು ತಟ್ಟಿಯೇ ಹೇಳಬೇಕು. ಇನ್ನೊಂದು ವಿಷಯ ಓದಿದಾಗ ಪುಸ್ತಕ ಕೆಳಗಿಟ್ಟೆ: ಅವರಿಗೆ ಪ್ಯಾರಾಶೂಟ್ ಇರಲಿಲ್ಲ. ಅದೇ ಯುದ್ಧದಲ್ಲಿ ಬಲೂನಿನ ಮೇಲೆ ಕೂತು ಕಾವಲು ಕಾಯುವವರಿಗೆ ಇತ್ತು. ಜರ್ಮನ್ ಪೈಲಟ್‌ಗಳಿಗೂ ಆ ವರ್ಷ ಬರತೊಡಗಿತ್ತು. ಬ್ರಿಟಿಷ್ ವಿಮಾನದವರಿಗೆ ಮಾತ್ರ ಕೊಡಲಿಲ್ಲ. ವಿಮಾನಕ್ಕೆ ಬೆಂಕಿ ಹತ್ತಿದರೆ ಅದರೊಂದಿಗೆ ಉರಿಯಬೇಕು, ಇಲ್ಲವೇ ಹಾರಿ ಬೀಳಬೇಕು. ಆ ನಿರ್ಧಾರ ಮಾಡಿದವರನ್ನು ನನಗಂತೂ ಕ್ಷಮಿಸಲಾಗುವುದಿಲ್ಲ.

ಅಕ್ಟೋಬರ್ 5ರಂದು ಹೊರಟ ದಾಳಿಯಲ್ಲಿ ನಾಲ್ಕು ವಿಮಾನ ಮರಳಲಿಲ್ಲ. ಅಕ್ಟೋಬರ್ 21ರಂದು ಕಲೋನ್ ಕಡೆಗೆ ಹೊರಟವು ಹದಿಮೂರು. ದಾರಿಯಲ್ಲಿ ಮೋಡ ದಟ್ಟೈಸಿತು, ಸಾಲು ಚದುರಿತು, ಚದುರಿದವನ್ನು ಒಂದೊಂದಾಗಿ ಹೊಡೆದರು. ಏಳು ಹೋದವು. ಒಟ್ಟು ಹತ್ತೇ ವಾರದ ಯುದ್ಧದಲ್ಲಿ ವೈರಿಯ ನೆಲದ ಮೇಲೆ ಹದಿನೇಳು ವಿಮಾನ. ಹದಿನೇಳು ಎಂದರೆ ಮೂವತ್ತನಾಲ್ಕು ಜನ. ಕೆಲವರು ಸೆರೆಯಾಗಿ ಉಳಿದರು, ಉಳಿದವರು ಇಲ್ಲವಾದರು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು. ಹೈದರಾಬಾದ್ ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸಬಲ್ಲವರು ಅವರಲ್ಲಿ ಎಷ್ಟು ಜನ ಇದ್ದಾರು?

ಈಗ ನಮ್ಮ ಕಡೆಯ ಲೆಕ್ಕ ನೋಡಿ. ನಿಜಾಮರ ಬೊಕ್ಕಸ ಎಂದರೆ ಬೀದರ, ಕಲಬುರಗಿ, ರಾಯಚೂರಿನ ರೈತರು ತುಂಬಿದ ಹಾಲಿ ಸಿಕ್ಕಾ ರೂಪಾಯಿಯೂ ಸೇರಿದ ಬೊಕ್ಕಸ. ಮುತ್ಯಾನ ಅಪ್ಪ ಪಟವಾರಿಯ ಮುಂದೆ ನಿಂತು ಎಣಿಸಿ ಕೊಟ್ಟ ಕಂದಾಯವೂ ಅದರಲ್ಲಿ ಇತ್ತು. ಆ 1918ನೇ ವರ್ಷ ದೇಶದಲ್ಲೆಲ್ಲ ಮುಂಗಾರು ಕೈಕೊಟ್ಟಿತ್ತು. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಇನ್‌ಫ್ಲುಯೆಂಜಾ ಬಡಿಯಿತು. ಮುತ್ಯಾ ಹೇಳುತ್ತಿದ್ದ ‘ದೊಡ್ಡ ಬ್ಯಾನಿ’ ಅದೇ ಇರಬೇಕಲ್ಲವೇ? ಒಬ್ಬರನ್ನು ಮಣ್ಣು ಮಾಡಿ ಮನೆಗೆ ಬರುವಷ್ಟರಲ್ಲಿ ಇನ್ನೊಬ್ಬರು ಹೋಗಿರುತ್ತಿದ್ದರು ಅನ್ನುತ್ತಿದ್ದನಲ್ಲ. ಅದೇ ವಾರಗಳಲ್ಲಿ ಹೈದರಾಬಾದಿನ ಹೆಸರು ಹೊತ್ತ ವಿಮಾನಗಳು ಜರ್ಮನಿಯ ಆಕಾಶದಿಂದ ಬೀಳುತ್ತಿದ್ದವು. ಎರಡೂ ಕಡೆಯ ಸಾವನ್ನು ಒಂದೇ ಪುಟದಲ್ಲಿ ಬರೆದವರನ್ನು ನಾನು ಕಾಣೆ. ನನಗೆ ಅವು ಒಂದೇ ಪುಟದ ಮಾತು ಅನ್ನಿಸುತ್ತದೆ. ನಮ್ಮವರು ಹಣ ತೆತ್ತರು, ಅವರು ಜೀವ ತೆತ್ತರು. ಯಾರ ಮನೆಯ ಸಾವು ಯಾರ ಹಣದಿಂದ ಎಂದು ಎರಡೂ ಕಡೆಯವರಿಗೆ ತಿಳಿಯಲಿಲ್ಲ. ನಿಜಾಮರಿಗೆ ಅದೇ ಕಾಲಕ್ಕೆ ಬ್ರಿಟಿಷ್ ಸರ್ಕಾರದ ‘ನಂಬಿಗಸ್ತ ಮಿತ್ರ’ ಎಂಬ ಬಿರುದು ಬಂತು.

ಆ ವಿಮಾನಗಳಲ್ಲಿ ಒಂದು ಇನ್ನೂ ಇದೆ ಕಾಕಾ! ಎಫ್ 1010 ಅದರ ಸಂಖ್ಯೆ. ಅಕ್ಟೋಬರ್ 5ರಂದು ಅದರಲ್ಲಿ ಇದ್ದವರು ಕ್ಯಾಪ್ಟನ್ ಆಂಡ್ರೂ ಇಂಗ್ಲಿಸ್, ಸೆಕೆಂಡ್ ಲೆಫ್ಟಿನೆಂಟ್ ವಿಲಿಯಂ ಬಾಡ್ಲಿ. ಜರ್ಮನಿಯಲ್ಲಿ ಇಳಿಯಬೇಕಾಗಿ ಬಂತು, ಇಬ್ಬರೂ ಸೆರೆಯಾದರು. ಜೀವ ಉಳಿಯಿತು, ಅದೇ ಭಾಗ್ಯ. ವಿಮಾನವನ್ನು ಜರ್ಮನರು ಗೆದ್ದ ವಸ್ತುವೆಂದು ಬರ್ಲಿನ್ನಿನ ಸಂಗ್ರಹಾಲಯದಲ್ಲಿ ಇಟ್ಟರು. ಎರಡನೇ ಯುದ್ಧದಲ್ಲಿ ಬರ್ಲಿನ್ ಮೇಲೆ ಬಾಂಬು ಬೀಳತೊಡಗಿದಾಗ ಪೋಲೆಂಡಿಗೆ ಸಾಗಿಸಿದರು. ಅಲ್ಲಿ ಕ್ರಾಕೊವ್ ನಗರದಲ್ಲಿ ವರ್ಷಗಟ್ಟಲೆ ಉಳಿಯಿತು. 1977ರಲ್ಲಿ ಬ್ರಿಟಿಷರು ಒಂದು ಸ್ಪಿಟ್‌ಫೈರ್ ಕೊಟ್ಟು ಅದನ್ನು ಪಡೆದರು. ಈಗ ಲಂಡನ್ನಿನ ಹೆಂಡನ್‌ನಲ್ಲಿರುವ ವಾಯುಪಡೆ ಸಂಗ್ರಹಾಲಯದಲ್ಲಿದೆ. ಅದನ್ನು ಮೊದಲು ಕಾಪಾಡಿದವರು ಹೊಡೆದುರುಳಿಸಿದವರೇ.

110ನೇ ಸ್ಕ್ವಾಡ್ರನ್ನಿನ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1939ರ ಸೆಪ್ಟೆಂಬರ್ 3ರಂದು ಯುದ್ಧ ಸಾರಿದ ಮರುದಿನವೇ ಜರ್ಮನ್ ಯುದ್ಧನೌಕೆಗಳ ಮೇಲೆ ಬ್ರಿಟನ್ ಮಾಡಿದ ಮೊದಲ ಬಾಂಬು ದಾಳಿಯಲ್ಲಿ ಇದರ ಬ್ಲೆನ್‌ಹೈಮ್‌ಗಳು ಇದ್ದವು. ಮುಂದಾಳು ಫ್ಲೈಟ್ ಲೆಫ್ಟಿನೆಂಟ್ ಡೋರನ್. ಕೆಳಗೆ ಮೋಡ, ಅದರ ಅಡಿಯಲ್ಲೇ ತಗ್ಗಿ ಹೋಗಿ ವಿಲ್ಹೆಲ್ಮ್ಸ್‌ಹಾಫೆನ್ ಬಂದರಿನ ಅಡ್ಮಿರಲ್ ಶೇರ್ ನೌಕೆಯ ಮೇಲೆ ಹಾಕಿದ ಬಾಂಬುಗಳು ಸಿಡಿಯಲೇ ಇಲ್ಲ. ದಾಳಿಗೆ ಹೋದವುಗಳಲ್ಲಿ ಒಂದು ವಿಮಾನ ಗುಂಡೇಟು ತಿಂದು ನೇರ ಎಮ್ಡನ್ ಎಂಬ ನೌಕೆಗೆ ಅಪ್ಪಳಿಸಿತು. ಆ ವಿಮಾನ ನಡೆಸುತ್ತಿದ್ದವನ ಹೆಸರು ಫ್ಲೈಯಿಂಗ್ ಆಫೀಸರ್ ಎಮ್ಡನ್! ಓದಿದ್ದನ್ನು ನಂಬದೆ ಮತ್ತೆ ಓದಿದೆ. 1914ರಲ್ಲಿ ಮದ್ರಾಸಿನ ಮೇಲೆ ಗುಂಡು ಹಾರಿಸಿ ಎಣ್ಣೆ ತೊಟ್ಟಿಗಳಿಗೆ ಬೆಂಕಿ ಹಚ್ಚಿದ ಎಮ್ಡನ್ ನಿಮಗೆ ಗೊತ್ತೇ ಇದೆ. ಈ ನೌಕೆ ಅದರ ಹೆಸರಿಟ್ಟು ಮುಂದೆ ಕಟ್ಟಿದ್ದು. ವಿಮಾನದಲ್ಲಿದ್ದ ಯಾರೂ ಉಳಿಯಲಿಲ್ಲ.

ಆ ಯುದ್ಧದಲ್ಲಿ ಹೈದರಾಬಾದ್ ಹೆಸರಿನ ಸ್ಕ್ವಾಡ್ರನ್ನುಗಳು ಇನ್ನೂ ಎರಡಾದವು. 253ನೇದು ಹರಿಕೇನ್ ವಿಮಾನಗಳದ್ದು. 1940ರ ಆಗಸ್ಟ್ 31, ಒಂದೇ ದಿನ ಅದು ಇಬ್ಬರು ಮುಖಂಡರನ್ನು ಕಳೆದುಕೊಂಡಿತು. ಸ್ಕ್ವಾಡ್ರನ್ ಲೀಡರ್ ಸ್ಟಾರ್ ಸತ್ತ. ಟಾಮ್ ಗ್ಲೀವ್ ಉರಿಯುವ ವಿಮಾನದಿಂದ ಹೊರಬಿದ್ದ, ಆದರೆ ಮುಖ, ಕೈ ಕಾಲು ಸುಟ್ಟುಹೋಗಿದ್ದವು. ಡಾಕ್ಟರ್ ಮ್ಯಾಕಿಂಡೋ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟರು. 152ನೇದು ಸ್ಪಿಟ್‌ಫೈರ್‌ಗಳದ್ದು. ಅದರ ಲಾಂಛನದಲ್ಲಿ ನಿಜಾಮರ ದಸ್ತಾರು, ಕೆಳಗೆ ಅದೇ ‘ನಂಬಿಗಸ್ತ ಮಿತ್ರ’. ಅದರಲ್ಲಿ ಎರಿಕ್ ಮಾರ್ಸ್ ಎಂಬ ಹುಡುಗ ಇದ್ದ. ಎಳೆಯ ಮುಖ, ಗೆಳೆಯರು ‘ಬಾಯ್’ ಎಂದೇ ಕರೆಯುತ್ತಿದ್ದರಂತೆ. ಕಾಳಗ ಮುಗಿಸಿ ಇಳಿದು ಅಪ್ಪನಿಗೆ ಪತ್ರ ಬರೆಯುತ್ತಿದ್ದ. 1941ರ ಜುಲೈ 24ರಂದು ಫ್ರಾನ್ಸಿನ ಬ್ರೆಸ್ಟ್ ಬಂದರಿನ ಮೇಲೆ ವಿಮಾನ ವಿರೋಧಿ ಗುಂಡಿಗೆ ಬಿದ್ದ. ಇಪ್ಪತ್ತು ತುಂಬಿ ಎರಡು ವಾರ ಆಗಿತ್ತು. ಆ ಅಪ್ಪನ ಕೈಗೆ ಕೊನೆಯ ಪತ್ರ ಎಂದು ತಲುಪಿತೋ ಎಂದು ಯೋಚಿಸಿ ಕೂತೆ.

ಮೈಸೂರಿನವರೂ ಹಿಂದೆ ಬಿದ್ದಿರಲಿಲ್ಲ. 129ನೇ ಮೈಸೂರು ಸ್ಕ್ವಾಡ್ರನ್ ಎಂದು ಒಂದಿತ್ತು, 1941ರಲ್ಲಿ ಶುರುವಾದದ್ದು. ಅದರ ಲಾಂಛನ ನಮ್ಮ ಗಂಡಭೇರುಂಡ. ಸರ್ಕಾರದ ಕಾಗದದ ತಲೆಯ ಮೇಲೆ ನಾವು ದಿನಾ ನೋಡುವ ಆ ಎರಡು ತಲೆಯ ಹಕ್ಕಿಯ ಲಾಂಛನ ಹೊತ್ತು ಇಂಗ್ಲಿಷ್ ಕಾಲುವೆ ದಾಟಿ ಹೋಗಿ ಮರಳದವರು ಎಷ್ಟೋ. ಇಂದಿನ ಕರ್ನಾಟಕದ ಎರಡು ದಿಕ್ಕಿನ ರೈತರ ಹಣ ಒಂದೇ ಆಕಾಶದಲ್ಲಿ ಸೇರಿತು. ಇದನ್ನು ನಮ್ಮ ಪಠ್ಯದಲ್ಲಿ ಒಂದು ಸಾಲಾದರೂ ಹೇಳಬೇಕಿತ್ತು. ನೀವು ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದಿರಿ, ನಿಮ್ಮ ಪುಸ್ತಕದಲ್ಲಿ ಇತ್ತೇ?

ಎಫ್ 1010 ವಿಮಾನವನ್ನು ವೈರಿ ಕಾಪಾಡಿದ ಮಾತು ಬಂದಾಗ ನಮ್ಮವರೇ ಆದ ಪೈಲಟ್ ಅಜ್ಜಮಾಡ ದೇವಯ್ಯ ನೆನಪಾದರು. ಕೊಡಗಿನವರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ಮೇಲಿನ ದಾಳಿಗೆ ಅವರ ಮಿಸ್ಟೇರ್ ಕಾಯ್ದಿಟ್ಟ ವಿಮಾನ. ಇನ್ನೊಂದು ಹೋಗಲಾಗದೆ ಉಳಿದಾಗ ಅವರು ಎದ್ದರು. ಮರಳುವಾಗ ತಮ್ಮದಕ್ಕಿಂತ ಎಷ್ಟೋ ಹೆಚ್ಚು ವೇಗದ ಸ್ಟಾರ್‌ಫೈಟರ್ ಎದುರಾಯಿತು. ಏಟು ತಿಂದ ವಿಮಾನದಲ್ಲೇ ತಿರುಗಿ ನಿಂತು ಅದನ್ನು ಕೆಡವಿ, ಆಮೇಲೆ ತಾವೂ ಬಿದ್ದರು. ಇತ್ತ ಮನೆಗೆ ಬಂದದ್ದು ಕಾಣೆಯಾಗಿದ್ದಾರೆ ಎಂಬ ಒಂದೇ ಮಾತು. ನಡೆದದ್ದು ಏನೆಂದು ಹೊರಬಿದ್ದದ್ದು ಪಾಕಿಸ್ತಾನದ ಕಡೆಯಿಂದ ಮಾಹಿತಿ ಪಡೆದು ಜಾನ್ ಫ್ರಿಕರ್ 1979ರಲ್ಲಿ ಬರೆದ ಪುಸ್ತಕದಿಂದ. ಅವರ ದಳದ ಮುಖ್ಯಸ್ಥರಾಗಿದ್ದ ಒ.ಪಿ. ತನೇಜಾ ಬೆನ್ನುಹತ್ತಿ ಬರೆದರು. 1988ರಲ್ಲಿ ಮಹಾವೀರ ಚಕ್ರ ಬಂತು. ಇಪ್ಪತ್ತಮೂರು ವರ್ಷ! ಅಲ್ಲಿಯ ಹಳ್ಳಿಯವರು ಅವರ ದೇಹವನ್ನು ಹೊಲದಲ್ಲಿ ಮಣ್ಣು ಮಾಡಿದ್ದರಂತೆ. ಆ ಹಳ್ಳಿಯವರಿಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಬೀದರದಲ್ಲಿ ನಮ್ಮ ಮನೆಯ ಮೇಲೆ ಹಾಕ್ ವಿಮಾನಗಳು ಹಾಯ್ದಾಗ ಕಾಕಿ ಕಿವಿ ಮುಚ್ಚಿಕೊಳ್ಳುತ್ತಾರೆ, ನೀವು ಹೊರಗೆ ಬಂದು ತಲೆ ಎತ್ತಿ ನೋಡುತ್ತೀರಿ. ಅವುಗಳೊಳಗೆ ಕೂತು ಹಾರಾಟ ಕಲಿಯುವವರೂ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗ ಹುಡುಗಿಯರು. ಶಾಲೆಯ ಮಕ್ಕಳು ನಿಮ್ಮನ್ನು ಮಾತಿಗೆ ಕರೆದರೆ ಇಂಗ್ಲಿಸ್, ಬಾಡ್ಲಿ, ಎಮ್ಡನ್, ಮಾರ್ಸ್, ದೇವಯ್ಯ, ಈ ಹೆಸರುಗಳನ್ನು ಹೇಳಿ. ನಿಮ್ಮ ಬಾಯಲ್ಲಿ ಬಂದರೆ ಮಕ್ಕಳು ಮರೆಯುವುದಿಲ್ಲ.

ಇನ್ನೊಂದು ಕೆಲಸ. ಲಂಡನ್ನಿನಲ್ಲಿರುವ ನಿಮ್ಮ ಹಳೆಯ ವಿದ್ಯಾರ್ಥಿ ಪ್ರತಿ ಯುಗಾದಿಗೆ ಫೋನು ಮಾಡುತ್ತಾನಲ್ಲ. ಈ ಸಲ ಅವನಿಗೆ ಹೆಂಡನ್ನಿಗೆ ಹೋಗಿ ಎಫ್ 1010 ನೋಡಿ ಬರಲು ಹೇಳಿ. ಮೈಮೇಲಿನ ಬರಹ ಓದಲು ಬರುವಂತೆ ಹತ್ತಿರದಿಂದ ಫೋಟೋ ತೆಗೆಯಲಿ, ಹಿಂದಿನ ಗೂಡಿನ ಬಂದೂಕಿನ ಬಳೆಯದೂ ಒಂದು ಇರಲಿ. ಸಾಹಿತ್ಯ ಮಂದಿರದ ಹಿರಿಯರು ನೋಡಬೇಕೆಂದು ಕೇಳಿದ್ದಾರೆ.

ಕಾಕಿಗೆ ನಮಸ್ಕಾರ ಹೇಳಿ. ಹಬ್ಬಕ್ಕೆ ಮುಂಚೆ ಬರುತ್ತೇನೆ.

ನಿಮ್ಮ ಅಣ್ಣನ ಮಗ