ಮಳೆಯುಳ್ಳವನು

ಪರರ ಹೆಸರನ್ನು ಕೇಳಿ ನಗುವುದು ಸಭ್ಯರ ಲಕ್ಷಣವಲ್ಲವೆಂದು ಬಲ್ಲೆ. ಆದರೂ ಒಮ್ಮೆ ನಕ್ಕಿದ್ದೇನೆ, ನಗಿಸಿಯೂ ಇದ್ದೇನೆ.

2022ರ ಮೊದಲ ತಿಂಗಳುಗಳಲ್ಲಿ, ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ, ಒಂದು ಸಾಮಾನ್ಯಜ್ಞಾನದ ಸ್ಪರ್ಧೆ ನಡೆಯಿತು. ಸೊಮಾಲಿಯಾದ ಪ್ರಧಾನಮಂತ್ರಿ ಯಾರು ಎಂಬ ಪ್ರಶ್ನೆಗೆ ಮಿತ್ರನೊಬ್ಬ ಎದ್ದು "ಮೊಹಮ್ಮದ್ ಹುಸೇನ್ ರಾಬಲ್" ಎಂದ. ಮೇಷ್ಟರು "ರೊಬೆಲ್" ಎಂದು ತಿದ್ದಿದರು. ಹಿಂದಿನ ಬೆಂಚಿನಿಂದ ಯಾರೋ "ರೂಬಲ್ಲೊ, ಡಾಲರೊ?" ಎಂದು ಕೂಗಿದರು. ಸಭೆಯೆಲ್ಲ ಗೊಳ್ಳೆಂದಿತು. ಕೂಗಿದವನು ನಾನೇ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಈಚೆಗೆ ಭಾಷಾಶಾಸ್ತ್ರದ ಪಾಠಕ್ಕಾಗಿ ಏನನ್ನೋ ಹುಡುಕುತ್ತಿದ್ದಾಗ ಸೊಮಾಲಿ ನಿಘಂಟೊಂದು ಕೈಗೆ ಸಿಕ್ಕಿತು. ಮೊದಲು ಹುಡುಕಿದ್ದು ಆ ಹೆಸರನ್ನೇ. 'ರೋಬ್' ಎಂದರೆ ಮಳೆ. 'ಲೆಹ್' ಎಂದರೆ ಉಳ್ಳ, ಹೊಂದಿದ. ಎರಡೂ ಕೂಡಿ ರೋಬ್ಲೆ, ಮಳೆಯುಳ್ಳವನು. ಮಳೆ ಬರುವಾಗ ಹುಟ್ಟಿದ ಗಂಡುಮಗುವಿಗೆ ಇಡುವ ಹೆಸರು.

ಸೊಮಾಲಿ ಭಾಷೆಗೆ ಸರ್ಕಾರ ರೋಮನ್ ಲಿಪಿಯನ್ನು ಗೊತ್ತುಮಾಡಿದ್ದು 1972ರಲ್ಲಿ. ದೀರ್ಘಸ್ವರವನ್ನು ತೋರಿಸಲು ಅಕ್ಷರವನ್ನು ಎರಡು ಸಲ ಬರೆಯುತ್ತಾರೆ. ಇಂಗ್ಲಿಷ್ ಪತ್ರಿಕೆಗಳವರು ಅದರಲ್ಲೊಂದನ್ನು ನುಂಗಿದರು. ನಾವು ಆ ಇಂಗ್ಲಿಷನ್ನು ನೋಡಿ ಉಚ್ಚರಿಸಿದೆವು. ಒಕಾರಕ್ಕೊಂದು, ಓಕಾರಕ್ಕೊಂದು ಅಕ್ಷರವನ್ನು ಇಟ್ಟುಕೊಂಡಿರುವ ಕನ್ನಡಿಗರು ಇಲ್ಲಿ ಎಡವಿದ್ದು ಸೋಜಿಗವಲ್ಲವೆ?

ಸೊಮಾಲಿಗಳು ಬಹುಮಟ್ಟಿಗೆ ಮುಸಲ್ಮಾನರಾದುದರಿಂದ ಅವರಲ್ಲಿ ಅರಬ್ಬಿ ಹೆಸರುಗಳೇ ಹೆಚ್ಚು. ಆದರೂ ದನಗಾಹಿ ಬದುಕಿನಿಂದ ಬಂದ ಹೆಸರುಗಳು ಅಳಿದಿಲ್ಲ. ಒಂಟೆಗಳ ಮೇಲೆ ಮನೆಯನ್ನೇ ಹೇರಿಕೊಂಡು ಮೇವಿನತ್ತ ಸಾಗುವಾಗ ದಾರಿಯಲ್ಲಿ ಹುಟ್ಟಿದವನು ಗೇದ್ದಿ, ಎಂದರೆ ಪಯಣ. ವರ್ಸಮೆ ಎಂದರೆ ಒಳ್ಳೆಯ ಸುದ್ದಿ. ಅವರಿಗೆ ಮನೆತನದ ಹೆಸರೆಂಬುದಿಲ್ಲ. ತನ್ನ ಹೆಸರು, ಮುಂದೆ ತಂದೆಯದು, ಅದರ ಮುಂದೆ ಅಜ್ಜನದು. ಈ ರೂಢಿಯಂತೆ ಎಣಿಸಿದರೆ ಮಳೆಯಲ್ಲಿ ಹುಟ್ಟಿದವರು ಪ್ರಧಾನಿಯಲ್ಲ, ಅವರ ಅಜ್ಜ. ನಾನು ಗೇಲಿ ಮಾಡಿದ್ದು ಕಂಡು ಕೇಳದ ಆ ಮುದುಕನನ್ನು!

ಅಷ್ಟಕ್ಕೇ ನಿಂತಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಅಲ್ಲಿ ವರ್ಷಕ್ಕೆ ಎರಡು ಮಳೆಗಾಲ: ಏಪ್ರಿಲಿನಿಂದ 'ಗು', ಅಕ್ಟೋಬರಿನಿಂದ 'ದೈರ್'. 2020ರ ಕೊನೆಯಿಂದ ಒಂದರ ಮೇಲೊಂದರಂತೆ ಐದು ಮಳೆಗಾಲಗಳು ಕೈಕೊಟ್ಟವು. 2021ರ ನವೆಂಬರಿನಲ್ಲಿ ಬರದ ತುರ್ತುಪರಿಸ್ಥಿತಿಯನ್ನು ಸಾರಿದವರು ಈ 'ಮಳೆಯುಳ್ಳ' ಪ್ರಧಾನಿಯೇ. ಮರುವರ್ಷ, ಎಂದರೆ ನಾವು ನಕ್ಕ ವರ್ಷ, ಬರದಿಂದ ಸತ್ತವರು ಸುಮಾರು 43,000 ಎಂದು ಅಂದಾಜು. ಅವರಲ್ಲಿ ಅರ್ಧದಷ್ಟು ಐದು ವರ್ಷ ತುಂಬದ ಕೂಸುಗಳು.

ನಮ್ಮದೂ ಮಳೆಯನ್ನೇ ನಂಬಿದ ರಾಗಿ ಹೊಲ. ರಜೆಗೆ ಹೋದಾಗ ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಆಕೆ ಮೊರ ಹಿಡಿದು ಕೂತಿದ್ದಳು. ಪ್ರಧಾನಿಯ ಮಾತು ಆಕೆಗೆ ಬೇಕಿರಲಿಲ್ಲ.

"ಆಮೇಲಾದರೂ ಮಳೆ ಬಂತೇನೊ?"

"ಬಂತಜ್ಜಿ. 2023ರ ಕೊನೆಗೆ ಬಂದು ಪ್ರವಾಹವೇ ಆಯಿತು. ಲಕ್ಷಗಟ್ಟಲೆ ಜನ ಮನೆ ಬಿಟ್ಟರು."

ಅಜ್ಜಿ ಒಂದು ಗಳಿಗೆ ಸುಮ್ಮನಿದ್ದಳು. "ಹಂಗಾದರೆ ಆಗ ಹುಟ್ಟಿದ ಗಂಡುಹುಡುಗರಿಗೆಲ್ಲ ಆ ಹೆಸರು ಇಟ್ಟಿರ್ತಾರೆ ಬಿಡು. ಏನಂದೆ ಅದು, ಇನ್ನೊಂದು ಸಲ ಹೇಳು."

"ರೋಬ್ಲೆ" ಎಂದೆ.

"ರೋಬ್ಲೆ" ಎಂದು ಸರಿಯಾಗಿ ಉಚ್ಚರಿಸಿ, ಮತ್ತೆ ರಾಗಿ ಕೇರತೊಡಗಿದಳು.